ಹುಡುಗಿ ಅಪ್ಪ ಎಲ್ಲಿ?

ಕಾಲು ಒಂದು ಕಡೆ ನಿಲ್ಲದವನ ಬಾಳಿನಲ್ಲಿ ನಗೆಪಾಟಲಿಗೆ ಬರ ಇರುವುದಿಲ್ಲ. ನಾನು ಅದನ್ನು ಹುಡುಕಿಕೊಂಡು ಹೋದವನಲ್ಲ. ನಾನು ಹೋಗಿ ಮುಟ್ಟುವ ಮೊದಲೇ ಅದು ಅಲ್ಲಿ ಹೋಗಿ ಕೂತಿರುತ್ತದೆ.

ಆರನೇ ಇಯತ್ತೆಗೆ ಸಾಲಿ ಬಿಟ್ಟೆ. ಬಿಟ್ಟೆ ಅನ್ನುವುದಕ್ಕಿಂತ, ಮಾಸ್ತರು ಹಾಜರಿ ಕರೆಯುತ್ತಾ ನನ್ನ ಹೆಸರಿಗೆ ಬರುವ ಹೊತ್ತಿಗೆ ನಾನು ಇಳಕಲ್ ದಾಟಿರುತ್ತಿದ್ದೆ. ಆಮೇಲೆ ಮಗ್ಗಕ್ಕೆ ಕೂತೆ, ಟೆಂಪೋದಲ್ಲಿ ಕ್ಲೀನರ್ ಆದೆ, ಖಾನಾವಳಿಯಲ್ಲಿ ರೊಟ್ಟಿ ನೀಡಿದೆ. ಯಾವುದೂ ಕೆಟ್ಟ ಕೆಲಸವಲ್ಲ. ಆದರೆ ದಾರಿಯಲ್ಲಿ ನಾಲ್ಕು ಮಂದಿ ಭಜನೆ ಹೇಳುತ್ತಾ ದೇವರಿಗೆ ಹೊರಟರೆ ಮುಗಿಯಿತು, ಕೈಯಲ್ಲಿದ್ದದ್ದು ಕೆಳಗಿಟ್ಟು ಅವರ ಹಿಂದೆ ಹೋಗಿಬಿಡುತ್ತಿದ್ದೆ. ಮನೆ ನಿಂತದ್ದು ಹೆಂಡತಿಯ ಮಗ್ಗದ ಮೇಲೆ. ಒಬ್ಬಳೇ ಮಗಳು ನರ್ಸ್ ಓದಿ ಊರ ದವಾಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಅವಳ ಮದುವೆಯ ಮಾತುಕತೆ ನಡೆದಿದ್ದ ಹದಿನೈದು ದಿನದಲ್ಲಿ ಆದದ್ದಷ್ಟನ್ನೇ ಇಲ್ಲಿ ಹೇಳುತ್ತೇನೆ. ಪೂರ್ತಿ ಬಾಳಿನದು ಹೇಳಲು ಕೂತರೆ ಮತ್ತೆ ಯಾರಾದರೂ ಭಜನೆ ಹೇಳುತ್ತಾ ಬರುತ್ತಾರೆ.

ಎಲಿ ಅಡಿಕಿ

ಹುಡುಗನ ಕಡೆಯವರು ಬಾಗಲಕೋಟೆ ನವನಗರದವರು. ಹುಡುಗಿ ನೋಡಲು ಮುಂಜಾನೆ ಹತ್ತಕ್ಕೆ ಬರುವವರಿದ್ದರು. ಎಂಟಕ್ಕೆ ಹೆಂಡತಿ ನನ್ನ ಕೈಗೆ ಚೀಲ ಕೊಟ್ಟು, "ಎಲಿ ಅಡಿಕಿ ತಗೊಂಡು ಸೀದಾ ಮನಿಗೆ ಬರ್ರಿ" ಅಂದಳು. ಸೀದಾ ಅನ್ನುವುದನ್ನು ಎರಡು ಸಲ ಹೇಳಿದಳು.

ಎಲೆ ತೆಗೆದುಕೊಂಡೆ, ಅಡಿಕೆ ತೆಗೆದುಕೊಂಡೆ. ಹೊರಳಿದರೆ ಎದುರಿಗೆ ಕೂಡಲಸಂಗಮಕ್ಕೆ ನಡೆದುಕೊಂಡು ಹೊರಟ ಮಂದಿ. ಅವರೊಳಗೊಬ್ಬ ಮುದುಕ ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಕೂತಿದ್ದ. ಮುಳ್ಳು ತೆಗೆದೆ. ಕುಂಟುತ್ತಾನಲ್ಲ ಅಂತ ಊರ ಹೊರಗಿನ ತನಕ ಕೈ ಹಿಡಿದು ನಡೆಸಿದೆ. ಮುದುಕನ ಮಾತು ರುಚಿಯಾಗಿತ್ತು. ಹುನಗುಂದ ಬಂತು, ಮಾತು ಮುಗಿಯಲಿಲ್ಲ. ಮರುದಿನ ಸಂಗಮದ ಹೊಳೆಯಲ್ಲಿ ಮುಳುಗಿ ಎದ್ದಾಗ ನೆನಪಾಯಿತು, ನನ್ನ ಚೀಲದಲ್ಲಿ ಎಲೆ ಅಡಿಕೆ ಇದೆ ಅಂತ.

ಮೂರನೇ ದಿನ ಮನೆಗೆ ಬಂದೆ. ಹೆಂಡತಿ ಮಗ್ಗದಿಂದ ಏಳಲಿಲ್ಲ. ಬಂದವರಿಗೆ ಹುಡುಗಿ ಮನಸ್ಸಿಗೆ ಬಂದಿದೆಯಂತೆ. ಆದರೆ ಹುಡುಗನ ತಾಯಿ ಹೋಗುವ ತನಕ ಒಂದೇ ಮಾತು ಕೇಳಿದರಂತೆ: "ಹುಡುಗಿ ಅಪ್ಪ ಎಲ್ಲಿ?" ಮನೆತನ ವಿಚಾರಿಸಿ ಹುಣ್ಣಿಮೆಗೆ ಮಾತು ಕೊಡುತ್ತೇವೆ ಅಂತ ಹೇಳಿ ಎದ್ದು ಹೋದರಂತೆ.

ನಾನು ಮೆಲ್ಲಗೆ ಚೀಲ ಮುಂದಿಟ್ಟೆ. ಎಲೆಗಳೆಲ್ಲ ಒಣಗಿ ಸುರುಳಿಯಾಗಿದ್ದವು. ಹೆಂಡತಿ ಒಂದನ್ನು ಎತ್ತಿ ನೋಡಿದಳು.

"ತಗದ ಇಡ್ರಿ," ಅಂದಳು. "ಮೊಮ್ಮಗನ ಹೆಸರಿಡೂವಾಗ ಕೆಲಸಕ್ಕ ಬರ್ತಾವ."

ಪರ್ಮನೆಂಟ್ ನೌಕರಿ

ಮಗಳು ಉಂಡಿಯೇನಪಾ ಅಂತ ಕೇಳಿದಳು, ಅಷ್ಟೇ. ಅದೇ ಕಷ್ಟ ಆಯಿತು. ಹುಡುಗ ಅವಳಿಗೂ ಮನಸ್ಸಿಗೆ ಬಂದಿದ್ದ. ನನ್ನಿಂದ ಈ ಸಂಬಂಧ ಮುರಿದರೆ ಅವಳ ಮುಖ ಹೇಗೆ ನೋಡುವುದು? ನಡೆದು ಬರುತ್ತೇನೆ ಅಂತ ಬನಶಂಕರಿಗೆ ಹರಕೆ ಹೊತ್ತೆ.

ಹರಕೆಯ ಕಟ್ಟಳೆ ನಮ್ಮವ್ವ ಹೇಳಿಕೊಟ್ಟದ್ದು. ಬರಿಗಾಲು, ಉಟ್ಟ ದೋತರ, ಹೆಗಲಿಗೊಂದು ಟವೆಲ್ಲು, ಜೋಳಿಗೆ. ದಾರಿಯಲ್ಲಿ ಭಿಕ್ಷೆ ಬೇಡಿ ಉಣ್ಣಬೇಕು. ನೀಡಿದ್ದಕ್ಕೆ ಬೇಡ ಅನ್ನಬಾರದು, ತಾಟಿನಲ್ಲಿ ಬಿಡಬಾರದು. ಸುಳ್ಳು ಹೇಳಬಾರದು. ತಾಯಿ ಬನಶಂಕರಿಯ ಮುಖ ನೋಡುವ ತನಕ ತಾನು ಯಾರು, ಯಾರ ಮನೆಯವನು ಅಂತ ಬಾಯಿ ಬಿಡಬಾರದು.

ಹೆಂಡತಿ ತಡೆಯಲಿಲ್ಲ. "ಮನ್ಯಾಗಿದ್ರ ಬಂದೋರ ಮುಂದ ಏನಾರ ಅಂತೀರಿ. ಹೋಗಿ ಬರ್ರಿ. ಹುಣ್ಣಿವಿ ಒಳಗ ಬರಬೇಕು. ಬಾಗಲಕೋಟಿ ಕಡೆ ಮಾತ್ರ ಕಾಲಿಡಬ್ಯಾಡ್ರಿ" ಅಂದಳು. ಫೋನು ಮನೆಯಲ್ಲಿಟ್ಟು ಹೊರಟೆ.

ಹುನಗುಂದದಲ್ಲಿ ಮೊದಲ ಮನೆ. "ಭಿಕ್ಷಾ ನೀಡ್ರಿ ತಾಯಿ" ಅಂದೆ. ಒಳಗಿಂದ ಒಬ್ಬ ಅಜ್ಜಿ ಬಂದಳು. ಕೆಳಗಿಂದ ಮೇಲಿನ ತನಕ ನೋಡಿದಳು.

"ಕಲ್ಲಿನಂಗ ಅದಿ. ದುಡದ ತಿನ್ನಾಕ ಏನಾಗೇತಿ ನಿನಗ?"

"ಹರಕಿ ಐತ್ರಿ."

"ಹರಕಿಗೆ ಕೈ ಇರೂದಿಲ್ಲೇನು? ಬಾ ಇಲ್ಲೆ."

ಅಂಗಳದಲ್ಲಿ ಹತ್ತು ಜೋಳದ ಚೀಲಗಳಿದ್ದವು. ಹತ್ತನ್ನೂ ಒಳಗೆ ಒಟ್ಟಿಸಿದಳು. ಆಮೇಲೆ ನೀರಿನ ಟಾಕಿ ತೊಳೆಸಿದಳು. ಆಮೇಲೆ, ಮರೆತಿದ್ದೆ ಅಂತ, ಮಾಳಿಗೆ ಹತ್ತಿಸಿ ಕಸ ತೆಗೆಸಿದಳು. ಹರಕೆಯ ಮನುಷ್ಯ ಬೇಡ ಅನ್ನಬಾರದಲ್ಲ. ಅದು ಊಟಕ್ಕೆ ಮಾತ್ರವೋ ಕೆಲಸಕ್ಕೂ ಸೇರಿಯೋ ಅಂತ ಅವ್ವನನ್ನು ಕೇಳಿಕೊಂಡಿರಲಿಲ್ಲ.

ಕೊನೆಗೆ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೇಲೆ ಬೆಣ್ಣೆ. ಎದುರಿಗೇ ಕೂತು, ನನ್ನ ಬರಿಗಾಲು ನೋಡಿ, ಹಿಮ್ಮಡಿಗೆ ಹಚ್ಚಲು ಎಣ್ಣೆ ಕೊಟ್ಟಳು. ಅಷ್ಟು ಅಕ್ಕರೆಯಿಂದ ನನಗೆ ಯಾರಾದರೂ ಉಣ್ಣಿಸಿ ಎಷ್ಟೋ ದಿನವಾಗಿತ್ತು. ಕೈ ಮುಗಿದು ಎದ್ದೆ.

"ನಾಳೆ ಎಂಟಕ್ಕ ಬಾ. ಕಡ್ಲಿ ಚೀಲ ಬರ್ತಾವ. ಹಿಂಗ ದಿನಾ ಬಂದ್ರ ನಮ್ಮಲ್ಲೇ ಇಟಗೊಂತೀವಿ."

ಇಷ್ಟು ವರ್ಷ ಕೆಲಸ ಕೇಳಿ ಹೋದಲ್ಲಿ ಯಾರೂ ನನ್ನನ್ನು ಎರಡು ದಿನ ಇಟ್ಟುಕೊಂಡವರಲ್ಲ. ಭಿಕ್ಷೆ ಬೇಡಲು ಹೋದ ಮೊದಲ ಮನೆಯಲ್ಲೇ ಪರ್ಮನೆಂಟ್ ನೌಕರಿ ಸಿಕ್ಕಿತು.

ಯಾರೂ ಸೋಲದ ಊಟ

ಅಮೀನಗಡ ದಾಟಿ ಐಹೊಳೆ ದಾರಿ ಹಿಡಿದಿದ್ದೆ. ಹೊಲದಲ್ಲಿ ಗಂಡ ಹೆಂಡತಿ, ಗಂಡನ ಅಪ್ಪ, ಮೂವರು ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದ್ದರು. ನಾನು ಬೇಡುವ ಮೊದಲೇ ಕರೆದರು.

ನಮ್ಮ ಕಡೆ ಒಂದು ಪದ್ಧತಿ. ಬಂದವರ ತಾಟು ಬರಿದಾಗಲು ಬಿಡಬಾರದು. ಉಣ್ಣುವವನು ಸಾಕು ಅನ್ನಬೇಕು, ನೀಡುವವರು ಅದನ್ನು ಕಿವಿಗೆ ಹಾಕಿಕೊಳ್ಳಬಾರದು. ಮೂರು ಸಲ ಸಾಕು ಅಂದು, ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಆಗ ಬಿಡುತ್ತಾರೆ. ನಾನಾದರೋ ಬೇಡ ಅನ್ನುವಂತಿಲ್ಲ, ಬಿಡುವಂತಿಲ್ಲ.

ಎರಡು ರೊಟ್ಟಿ ತಿಂದೆ. ಮೂರನೆಯದು ಬಂತು. ತಿಂದೆ. ನಾಲ್ಕನೆಯದು ಹಾಕುವಾಗ ಹೆಣ್ಣುಮಗಳು ನನ್ನ ಬಾಯಿ ನೋಡಿದಳು, ಈಗಾದರೂ ಸಾಕು ಅಂತಾನೋ ಅಂತ. ನಾನು ಅವಳ ಕೈ ನೋಡಿದೆ, ಈಗಾದರೂ ಬಿಡುತ್ತಾಳೋ ಅಂತ. ಐದು, ಆರು. ಗಂಡ ತನ್ನ ಪಾಲಿನದನ್ನು ಮೆಲ್ಲಗೆ ಈ ಕಡೆ ಸರಿಸಿದ. ನನ್ನ ಹೊಟ್ಟೆ ಕಲ್ಲಾಗಿತ್ತು, ಅವಳ ಮುಖ ಬಾಡಿತ್ತು. ಇಬ್ಬರಲ್ಲಿ ಯಾರೂ ಸೋಲುವ ಹಾಗಿಲ್ಲ.

ಮುದುಕ ಇದನ್ನೆಲ್ಲ ನೋಡುತ್ತಾ ತನ್ನ ರೊಟ್ಟಿಯನ್ನು ಟವೆಲ್ಲಿನಲ್ಲಿ ಮುಚ್ಚಿಟ್ಟುಕೊಂಡ.

"ಏನಪಾ, ಹರಕಿ ಹೊತ್ತಾವೇನು ನೀನು?"

"ಹೌದ್ರಿ ಯಜ್ಜಾ. ನೀಡಿದ್ದು ಬ್ಯಾಡ ಅನ್ನೂವಂಗಿಲ್ರಿ."

"ನೋಡವಾ," ಸೊಸೆಯ ಕಡೆ ತಿರುಗಿದ. "ಅಂವ ದೇವರಿಗೆ ಅಂಜಿ ಉಣ್ಣಾಕತ್ತಾನ, ನೀ ಮಂದಿಗೆ ಅಂಜಿ ನೀಡಾಕತ್ತಿ. ನಡುವ ನಾ ಉಪಾಸ ಸಾಯಾಕತ್ತೇನಿ."

ಆಗ ಎಲ್ಲರೂ ನಕ್ಕೆವು, ಊಟ ಮುಗಿಯಿತು. ಆ ತಾಯಿ ಹೊರಡುವಾಗ ಜೋಳಿಗೆಗೆ ಎರಡು ಹಿಡಿ ಶೇಂಗಾ ಹಾಕಿದಳು. ನಾಲ್ಕು ಹೆಜ್ಜೆ ನಡೆದಿರಲಿಲ್ಲ, ಹಿಂದೆ ಗಂಡನಿಗೆ ಹೇಳುತ್ತಿದ್ದದ್ದು ಕೇಳಿತು: "ಇವರು ಹೊಳ್ಳಿ ಇದ ದಾರಿಗೆ ಬರ್ತಾರೇನ ಕೇಳ್ರಿ. ಹಿಟ್ಟ ಹಾಕಿಸಿಕೊಂಡ ಬರಬೇಕು."

ನೀರಿನೊಳಗಿನ ತಪಸ್ಸು

ಮಹಾಕೂಟದ ಹೊಂಡದ ನೀರು ಬೇಸಿಗೆಯಲ್ಲೂ ತಂಪು. ಮೂರು ದಿನದ ಧೂಳು ಹೋಗಲಿ ಅಂತ ದೋತರ, ಟವೆಲ್ಲು ಎರಡನ್ನೂ ಒಗೆದು ಮೆಟ್ಟಿಲ ಮೇಲೆ ಹರವಿ, ಲಂಗೋಟಿಯಲ್ಲಿ ನೀರಿಗಿಳಿದೆ. ಹೊರಗೆ ಯಾರೂ ಇರಲಿಲ್ಲ, ಮಂಗಗಳ ಹೊರತು.

ಮುಳುಗಿ ಏಳುವುದರೊಳಗೆ ದೋತರ ಆಲದ ಮರದ ಮೇಲಿತ್ತು. ಟವೆಲ್ಲನ್ನು ಇನ್ನೊಂದು ಮಂಗ ತಲೆಗೆ ಸುತ್ತಿಕೊಂಡಿತ್ತು. ಹುಶ್ ಅನ್ನಬೇಕು ಅನ್ನುವಷ್ಟರಲ್ಲಿ ಒಂದು ಬಸ್ಸು ತುಂಬ ಹೆಣ್ಣುಮಕ್ಕಳು ಬಂದಿಳಿದರು. ನಾನು ಕುತ್ತಿಗೆಯ ತನಕ ನೀರಿನಲ್ಲಿ ಕೂತೆ. ನಾಚಿಕೆಗೆ ಕಣ್ಣು ಮುಚ್ಚಿದೆ. ಚಳಿಗೆ ತುಟಿ ತಾನಾಗಿಯೇ ಅದುರುತ್ತಿತ್ತು.

"ಜಪಾ ಮಾಡಾಕತ್ತಾರ, ಗದ್ದಲಾ ಮಾಡಬ್ಯಾಡ್ರಿ" ಅಂದಿತು ಒಂದು ದನಿ.

ಮೆಟ್ಟಿಲ ಮೇಲೆ ಬಾಳೆಹಣ್ಣು ಬಂದು ಕೂತವು. ಒಂದು ಕಾಯಿ ಬಂತು. ಯಾರೋ ಊದಿನಕಡ್ಡಿ ಹಚ್ಚಿದರು. ನಾನು ಅರ್ಧ ಕಣ್ಣು ತೆರೆದು ಮರದ ಕಡೆಗೇ ನೋಡುತ್ತಿದ್ದೆ. ಅದನ್ನೂ ಅವರು ಭಕ್ತಿ ಅಂದುಕೊಂಡರು. ಒಬ್ಬ ಹಿರಿಯ ಹೆಣ್ಣುಮಗಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಎಲ್ಲಿತನಕ್ರಿ ಈ ತಪಸ್ಸು?"

ಸುಳ್ಳು ಹೇಳುವಂತಿರಲಿಲ್ಲ. "ದೋತ್ರ ಸಿಗೂತನಕ್ರಿ" ಅಂದೆ.

ಆಕೆ ಮರದ ಮೇಲೆ ನೋಡಿದಳು, ನನ್ನನ್ನು ನೋಡಿದಳು, ಬಾಯಿಗೆ ಸೆರಗು ಹಚ್ಚಿಕೊಂಡು ಉಳಿದವರನ್ನೆಲ್ಲ ಗುಡಿಯ ಒಳಗೆ ಅಟ್ಟಿದಳು. ಮಂಗ ಬಾಳೆಹಣ್ಣಿಗಾಗಿ ಇಳಿದು ಬಂತು, ದೋತರ ಬಿಟ್ಟಿತು. ಆಕೆಗೂ ಮಂಗಕ್ಕೂ ನಾನು ಇವತ್ತಿಗೂ ಋಣಿ. ಟವೆಲ್ಲು ಮಾತ್ರ ಅಲ್ಲಿಯೇ ಉಳಿಯಿತು. ಸುತ್ತಿಕೊಂಡವನಿಗೆ ಅದು ನನಗಿಂತ ಚೆನ್ನಾಗಿ ಒಪ್ಪಿತ್ತು.

ಹುಗ್ಗಿ ಈ ಕಡೆ ಐತಿ

ಮಲಪ್ರಭೆಯ ದಂಡೆಗೆ ಶಿವಯೋಗ ಮಂದಿರ. ಅಲ್ಲಿ ಪ್ರಸಾದದ ಸಾಲಿನಲ್ಲಿ ಕೂತೆ. ಅವತ್ತು ಬೆಲ್ಲ ಹಾಕಿದ ಗೋದಿ ಹುಗ್ಗಿ. ನನ್ನ ಬಗಲಿಗೆ ಬಿಳಿ ಅಂಗಿ, ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು ಕೂತು, ಕಣ್ಣು ಮುಚ್ಚಿ, ಬಲು ಪ್ರೀತಿಯಿಂದ ಹುಗ್ಗಿ ಉಣ್ಣುತ್ತಿದ್ದರು. ಎರಡನೇ ಸಲ ನೀಡಿಸಿಕೊಂಡು ನನ್ನ ಕಡೆ ತಿರುಗಿದರು.

"ಪಾದಯಾತ್ರಿ ಏನ್ರಿ? ಚಲೋ. ನಾ ನವನಗರದಾವ. ಹುಡುಗಿ ಕಡೆ ವಿಚಾರ ಮಾಡ್ಕೊಂಡ ಬರ್ತೇನಿ ಅಂತ ಮನ್ಯಾಗ ಹೇಳಿ ಬಂದೇನಿ. ಮಗಗ ಇಳಕಲ್ಲಾಗ ಹೆಣ್ಣು ನೋಡೇವಿ."

"ಇಳಕಲ್ಲ ಆ ಕಡೆ ಐತಲ್ರಿ?"

"ಹುಗ್ಗಿ ಈ ಕಡೆ ಐತಿ."

ನಾನು ನಕ್ಕೆ. ಅವರು ಮುಂದುವರಿದರು. "ಹುಡುಗಿ ಬಂಗಾರದಂಥಾಕಿ. ದವಾಖಾನಿಯೊಳಗ ನರ್ಸ್. ಅಪ್ಪಂದ ತಕರಾರ. ಎಲಿ ಅಡಿಕಿ ತರ್ತೇನಿ ಅಂತ ಹೋದಾವ ನಾವು ಎದ್ದ ಬಂದ್ರೂ ಬರಲಿಲ್ಲ."

ಬಾಗಲಕೋಟೆ ಕಡೆ ಕಾಲಿಡಬೇಡ ಅಂದಿದ್ದಳು ಹೆಂಡತಿ. ಬಾಗಲಕೋಟೆಯೇ ಎದ್ದು ಬಂದು ನನ್ನ ಬಗಲಿಗೆ ಕೂತರೆ ಏನು ಮಾಡುವುದು? ನಾನೇ ಆ ಅಪ್ಪ ಅಂತ ಹೇಳಲು ಕಟ್ಟಳೆ ಬಿಡದು. ಗೊತ್ತಿಲ್ಲ ಅಂದರೆ ಸುಳ್ಳು.

"ನಮ್ಮ ಮನಿಯಾಕಿ ಬ್ಯಾಡ ಅಂತಾಳ ಅನಸ್ತೈತಿ," ಅಂದರು ಹಿರಿಯರು. "ತಿರುಗೂ ಗಂಡಸ್ರಂದ್ರ ಅಕಿಗೆ ಆಗೂದಿಲ್ಲ. ನೀವು ಊರೂರು ಅಡ್ಯಾಡೋರು. ಆ ಕಡೆ ಅಂಥಾ ಮನಶ್ಯಾ ಒಬ್ಬಾವ ಇದ್ದಾನಂತ. ಗೊತ್ತೇನು?"

"ಗೊತ್ತ್ರಿ."

ಅವರು ತುತ್ತು ಕೆಳಗಿಟ್ಟರು. "ಹೆಂಗ ಅಂವ?"

"ಕುಡಿಯೂದಿಲ್ರಿ. ಯಾರಿಗೂ ಮೋಸಾ ಮಾಡಿದಾವಲ್ಲ. ಕಾಲು ನಿಲ್ಲೂದಿಲ್ಲ, ಅಷ್ಟ. ಹೆಂಡತಿಗೆ ಭಾಳ ತ್ರಾಸ ಕೊಟ್ಟಾನ್ರಿ. ಅದು ಅವಗೂ ಗೊತ್ತೈತಿ."

"ಅಂಥಾವನ ಮಗಳನ್ನ ತರಬಹುದೇನ್ರಿ?"

ಇದಕ್ಕೆ ತಡವರಿಸಲಿಲ್ಲ. "ತರ್ರಿ. ಅಪ್ಪ ಊರಾಗಿಲ್ಲದಾಗ ಅವ್ವನ ಜ್ವರಾ ನೋಡಿದಾಕಿ, ರೇಶನ್ ತಂದಾಕಿ, ಮಗ್ಗದ ಎಳಿ ಹಚ್ಚಿದಾಕಿ ಅಕಿನ. ಅಪ್ಪ ಹೊಳ್ಳಿ ಬಂದಾಗ ಒಂದ ದಿನಾನೂ ಎಲ್ಲಿಗೆ ಹೋಗಿದ್ದಿ ಅಂತ ಬೈದಾಕಿ ಅಲ್ಲ. ಉಂಡಿಯೇನಪಾ ಅಂತ ಕೇಳಿದಾಕಿ. ಅಪ್ಪನ್ನ ನೋಡಿ ಬಿಡಬ್ಯಾಡ್ರಿ ಅಕಿನ್ನ."

ನೀಡುವವರು ಬಂದಾಗ ಹಿರಿಯರು ಮೂರನೇ ಸಲ ಹುಗ್ಗಿ ಹಾಕಿಸಿಕೊಂಡರು. "ನೀವು ಅವನ್ನ ಭಾಳ ಹತ್ತರದಿಂದ ಬಲ್ಲಿರಿ ಕಾಣಸ್ತೈತಿ."

"ಸಣ್ಣಾವಿದ್ದಾಗಿಂದ ಅವನ ಜೋಡಿನ ಇದ್ದೇನ್ರಿ. ಇನ್ನಾ ಪೂರ್ತಿ ತಿಳಿದಿಲ್ಲ."

ಬುಟ್ಟಿ ತಾಯಿ

ಚೊಳಚಗುಡ್ಡಕ್ಕೆ ಮುಟ್ಟಿ ಬನಶಂಕರಿಯ ಪಾಳಿಯಲ್ಲಿ ನಿಂತೆ. ದಾರಿಯುದ್ದಕ್ಕೂ ತಾಯಿಗೆ ಏನೇನು ಹೇಳಬೇಕು ಅಂತ ಜೋಡಿಸಿಕೊಂಡು ಬಂದಿದ್ದೆ. ಎದುರಿಗೆ ಬಂದಾಗ "ಯವ್ವಾ, ನಮ್ಮ ಹುಡುಗಿ" ಅನ್ನುವಷ್ಟರಲ್ಲಿ ಹಿಂದಿನವರು ನೂಕಿದರು. ಹೊರಗಿದ್ದೆ.

ಹೊಂಡದ ದಂಡೆಗೆ ಬುಟ್ಟಿಯಲ್ಲಿ ರೊಟ್ಟಿ, ಮಡಕೆ ಮೊಸರು ಇಟ್ಟುಕೊಂಡು ಮಾರುವ ಒಬ್ಬ ಮುದುಕಿ ನನ್ನ ಮುಖ ನೋಡಿ ಕರೆದಳು. ಕೈಯಲ್ಲಿ ಏನೂ ಇಲ್ಲ ಅಂದೆ. "ಕೇಳಿದೆನೇನು?" ಅಂತ ರೊಟ್ಟಿಯ ಮೇಲೆ ಕೆನೆ ಮೊಸರು ಸುರಿದಳು. ಉಣ್ಣುತ್ತಾ ಎಲ್ಲವನ್ನೂ ಹೇಳಿದೆ: ಮಗಳು, ಹುಡುಗ, ಹುಣ್ಣಿಮೆ, ತಾಯಿಗೆ ಪೂರ್ತಿ ಹೇಳಲಾಗಲಿಲ್ಲ ಅನ್ನುವುದು.

"ಅಷ್ಟಕ್ಕ ಯಾಕ ಮಾರಿ ಸಣ್ಣ ಮಾಡತಿ?" ಅಂದಳು. "ನನಗ ಹೇಳಿದಿಲ್ಲ? ನಾ ದಿನಾ ಇಲ್ಲೇ ಇರ್ತೇನಿ. ಗದ್ದಲ ಕಡಿಮಿ ಆದ ಮ್ಯಾಲ ಅಕಿಗೆ ತಿಳಸ್ತೇನಿ."

ಯಾದಿ

ದೇವಿಗೆ ಬಂದ ನಮ್ಮೂರ ಟಂಟಂ ಗಾಡಿಯೊಂದರಲ್ಲಿ ಕೂತು ಹುಣ್ಣಿಮೆಯ ಮುಂಜಾನೆ ಮನೆ ಮುಟ್ಟಿದೆ. ಅವತ್ತೇ ಅವರೂ ಬಂದರು. ಆ ಹಿರಿಯರು, ಅವರ ಹೆಂಡತಿ, ಬರವಣಿಗೆಗೆ ಅಂತ ಅವರ ಕಡೆಯ ಒಬ್ಬ ಕಾಕಾ.

ನಾನು ಮಿಂದು ಇಸ್ತ್ರಿ ಅಂಗಿ ಹಾಕಿಕೊಂಡಿದ್ದೆ. ಹಿರಿಯರು ಹೊಸ್ತಿಲಲ್ಲಿ ನನ್ನ ಮುಖ ನೋಡಿ ಅಲ್ಲೇ ನಿಂತರು. ನಾನು ಕೈ ಮುಗಿದೆ. ಅವರೂ ಮುಗಿದರು. ಮೊದಲ ಸಲ ಕಂಡವರ ಹಾಗೆ ಒಳಗೆ ಬಂದು ಕೂತರು.

ಹುಡುಗನ ತಾಯಿ ನೇರ ಹೆಣ್ಣುಮಗಳು. "ಅವತ್ತ ಎಲ್ಲಿ ಹೋಗಿದ್ರಿ?" ಅಂತ ಕೇಳಿದರು. ಹರಕೆ ಮುಗಿದಿತ್ತು, ಸುಳ್ಳು ಹೇಳಿದರೂ ನಡೆಯುತ್ತಿತ್ತು. ಆದರೆ ರೂಢಿ ತಪ್ಪಿಹೋಗಿತ್ತು. ಮುಳ್ಳು, ಮುದುಕ, ಸಂಗಮ, ಎಲ್ಲ ಇದ್ದ ಹಾಗೆ ಹೇಳಿದೆ. ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ಹಣೆ ಹಿಡಿದುಕೊಂಡು ನಿಂತಳು.

ಆ ತಾಯಿ ಗಂಡನ ಕಡೆ ತಿರುಗಿದರು. "ನೀವು ವಿಚಾರ ಮಾಡಿ ಬಂದಿರಲ್ಲ, ಯಾರನ್ನ ಕೇಳಿದ್ರಿ?"

"ಅವರ ಹತ್ತರದವರನ್ನ," ಅಂದರು ಹಿರಿಯರು. "ಭಾಳ ಹತ್ತರದವರು."

"ಏನಂದ್ರು?"

"ಅಪ್ಪ ಅಷ್ಟಕ್ಕಷ್ಟ, ಹುಡುಗಿ ಮಾತ್ರ ಬಿಡಬ್ಯಾಡ್ರಿ ಅಂದ್ರು."

ಅಷ್ಟರಲ್ಲಿ ಹೆಂಡತಿ ಹೋಳಿಗೆ ತಂದಳು. ಆ ತಾಯಿ ಕೈ ಅಡ್ಡ ಹಿಡಿದರು. "ಇವರಿಗೆ ಬ್ಯಾಡ್ರಿ. ಸಕ್ಕರಿ ಬ್ಯಾನಿ ಐತಿ. ಆರ ತಿಂಗಳಾತು, ಸಿಹಿ ಅನ್ನೂದನ್ನ ಕಣ್ಣಿಂದನೂ ನೋಡಿಲ್ಲ."

ಬೀಗರು ನನ್ನನ್ನು ನೋಡಿದರು. ನಾನು ಮೇಲೆ ಜಂತಿ ಎಣಿಸಿದೆ. ಕೇಳಿದರೆ ಹೇಳಲೇಬೇಕು, ಆ ತಾಯಿ ಕೇಳಲಿಲ್ಲ. ಬೀಗರು ಗಂಟಲು ಸರಿಮಾಡಿಕೊಂಡು, "ಇಂಥಾ ಮನಶ್ಯಾ ಬೀಗ ಆಗಿ ಸಿಗಾಕ ಪುಣ್ಯಾ ಮಾಡಿರಬೇಕು" ಅಂದರು.

ಆ ತಾಯಿ ಅದಕ್ಕೆ ಸೊಪ್ಪು ಹಾಕಲಿಲ್ಲ. ನನ್ನ ಮಗಳನ್ನು ಕರೆದು ಬಗಲಿಗೆ ಕೂರಿಸಿಕೊಂಡರು. "ನಿಮ್ಮಪ್ಪ ಖರೆ ಹೇಳಿದ. ತಪ್ಪ ಮಾಡಿ ಖರೆ ಹೇಳೂ ಗಂಡಸನ್ನ ನಾ ಭಾಳ ನೋಡಿಲ್ಲ" ಅಂದರು. ಅನ್ನುವಾಗ ಗಂಡನ ಕಡೆ ಯಾಕೆ ನೋಡಿದರೋ ತಿಳಿಯದು. "ಕಾಕಾ, ಯಾದಿ ಬರೀರಿ."

ಯಾದಿ ಅಂದರೆ ಮದುವೆಗೆ ಯಾರ ಕಡೆಯಿಂದ ಯಾವ ಸಾಮಾನು ಎಷ್ಟು ನಗ ಬರಬೇಕು ಅನ್ನುವ ಪಟ್ಟಿ. ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು, ಎರಡೂ ಕಡೆಯವರು ಸಹಿ ಮಾಡಬೇಕು. ಬರೆದ ಮೇಲೆ ತಪ್ಪಿಸುವಂತಿಲ್ಲ. ತಾಳಿ, ಸೀರೆ ಗಂಡಿನ ಕಡೆಯದು. ಊಟ, ಹಂದರ ನಮ್ಮದು. ಕಾಕಾ ಪೆನ್ನು ಮುಚ್ಚಬೇಕು ಅನ್ನುವಾಗ ಮಗಳು ಬಾಯಿ ತೆರೆದಳು.

"ಕಾಕಾರ, ಒಂದ ಬಿಟ್ಟೀರಿ."

"ಏನವಾ?"

"ನಮ್ಮಪ್ಪ."

ಅವಳು ತಲೆ ತಗ್ಗಿಸಿದ್ದಳು. ದನಿ ಗಟ್ಟಿಯಿತ್ತು. "ತಲಿ ಮ್ಯಾಲ ಅಕ್ಕಿಕಾಳ ಬೀಳೂವಾಗ ನಮ್ಮಪ್ಪ ನನ್ನ ಮುಂದ ಇರಬೇಕು. ಬರೀರಿ."

ನನಗೆ ಕಣ್ಣಲ್ಲಿ ನೀರು ಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಾಕಾ ಮಾತ್ರ ಫಜೀತಿಗೆ ಬಿದ್ದ. ಎಷ್ಟೋ ಯಾದಿ ಬರೆದವನಂತೆ, ಇಂಥದ್ದು ಬರೆದವನಲ್ಲವಂತೆ. "ಇದನ್ನ ಎಲ್ಲಿ ಹಾಕಲಿ?" ಅಂತ ಹುಡುಗನ ತಾಯಿಯನ್ನು ಕೇಳಿದ.

"ಹುಡುಗಿ ಕಡೆಯವರು ತರೂ ಸಾಮಾನಿನ್ಯಾಗ ಹಾಕ್ರಿ."

ಕಾಕಾ ಬರೆದ. ಎದ್ದು ನಿಂತು, ಕನ್ನಡಕ ಏರಿಸಿ, ನಗದೆ ಓದಿದ: "ಹುಡುಗಿ ಕಡೆಯವರು ತರತಕ್ಕದ್ದು. ಜಮಖಾನೆ, ನಗ ಎರಡು. ಹಿತ್ತಾಳಿ ಕೊಡ, ನಗ ಎರಡು. ದೀಪದ ಸಮೆ, ನಗ ಎರಡು. ಹುಡುಗಿ ತಂದೆ, ನಗ ಒಂದು."

"ಹಿಂದಿನ ದಿನಾನ ತಂದ ಒಪ್ಪಸಬೇಕು ಅಂತ ಬರೀರಿ," ಅಂದರು ಹುಡುಗನ ತಾಯಿ. "ನಾನ ಎಣಿಸಿ ತಗೊಂತೇನಿ."

ನಾನು ಸಹಿ ಮಾಡಿದೆ. ಬೀಗರು ಸಹಿ ಮಾಡಿದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅವತ್ತು ಮೊದಲ ಸಲ ಬಾಯಿ ಬಿಟ್ಟಳು.

"ಒಪ್ಪಸ್ತೀವ್ರಿ," ಅಂದಳು. "ಆದ್ರ ಮದುವಿ ಮುಗದ ಮ್ಯಾಲ ನೆನಪಿಟ್ಟ ಹೊಳ್ಳಿ ಕಳಸ್ರಿ. ನಮ್ಮ ಮನ್ಯಾಗ ಇರೂದು ಅದೊಂದ."